ಬೇಡ ಎನ್ನುವ ಅಧಿಕಾರ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣವೂ ಇದೆ, ವಾಯವ್ಯ ಸಾರಿಗೆಯ ಕೇಂದ್ರ ಕಚೇರಿಯೂ ಇದೆ. ಯಾರು ಯಾರಿಂದ ಸುರಕ್ಷತೆ ಕಲಿಯಬೇಕು ಎಂದು ಕೇಳಿದರೆ, ಬಸ್ಸಿನವರು ವಿಮಾನದವರಿಂದ ಎಂದೇ ಯಾರಾದರೂ ಹೇಳಿಯಾರು. ಒಂದು ಸಂಗತಿಯಲ್ಲಿ ಮಾತ್ರ ಅದು ತಿರುಗಾಮುರುಗಾ. ನವಲಗುಂದದ ನಿಲ್ದಾಣದಲ್ಲಿ ಅಣ್ಣಿಗೇರಿ ಬಸ್ಸು ಹಿಂದಕ್ಕೆ ಸರಿಯುವಾಗ ನೋಡಿ. ಕಂಡಕ್ಟರ್ ಕೆಳಗಿಳಿದು ‘ಬರ್ಲಿ, ಬರ್ಲಿ’ ಎನ್ನುತ್ತಿರುತ್ತಾನೆ. ಒಮ್ಮೆ ಸೀಟಿ ಊದಿದನೋ, ಡ್ರೈವರ್ ಬ್ರೇಕ್ ತುಳಿದಾಯಿತು. ಯಾಕೆ ಎಂದು ಕೇಳುವುದೇನಿದ್ದರೂ ಆಮೇಲೆ. ಡ್ರೈವರನದು ಇಪ್ಪತ್ತು ವರ್ಷದ ಸರ್ವಿಸ್ ಇರಲಿ, ಕಂಡಕ್ಟರ್ ಮೊನ್ನೆ ಸೇರಿದ ಹುಡುಗನಿರಲಿ, ಆ ಸೀಟಿಗೆ ಹಿರಿಯ ಕಿರಿಯ ಎಂಬುದಿಲ್ಲ.

ಕಾಕ್‌ಪಿಟ್‌ನಲ್ಲಿ ಇಷ್ಟು ಸರಳವಾದದ್ದು ಇನ್ನೂ ಗಟ್ಟಿಯಾಗಿ ಬೇರೂರಿಲ್ಲ. 2010ರ ಮೇ 22ರ ಬೆಳಿಗ್ಗೆ ಮಂಗಳೂರಿನ ಬಜ್ಪೆಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ರನ್‌ವೇ ದಾಟಿ ಕಣಿವೆಗೆ ಬಿತ್ತು. ದುಬೈಯಿಂದ ಬಂದ 166 ಜನರಲ್ಲಿ ಉಳಿದವರು 8. ಆ ದುರಂತದ ಮಾತು ಬಂದರೆ ಈಗಲೂ ಎರಡೇ ಕಾರಣ ಕೇಳಿಬರುತ್ತವೆ: ಗುಡ್ಡದ ನೆತ್ತಿಯ ರನ್‌ವೇ, ನಿದ್ದೆಗಣ್ಣಿನ ಕ್ಯಾಪ್ಟನ್. ಎರಡೂ ಸುಳ್ಳಲ್ಲ. ಕ್ಯಾಪ್ಟನ್ ಹಾದಿಯಲ್ಲಿ ಒಂದೂವರೆ ತಾಸಿಗೂ ಹೆಚ್ಚು ನಿದ್ದೆ ಮಾಡಿದ್ದರು. ಆದರೆ ಏರ್ ಮಾರ್ಷಲ್ ಭೂಷಣ್ ಗೋಖಲೆ ಅವರ ತನಿಖಾ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಒಂದು ಸಣ್ಣ ಪ್ರಶ್ನೋತ್ತರ.

ಮಂಗಳೂರಿನ ರಾಡಾರ್ ಆಗ ಕೆಟ್ಟಿತ್ತು. ಹಾಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಎಂದಿಗಿಂತ ತಡವಾಗಿ. ಅದಕ್ಕೆ ತಕ್ಕಂತೆ ಇಳಿಜಾರು ಹೊಂದಿಸಿಕೊಳ್ಳದೆ, ರನ್‌ವೇ ಕಂಡಾಗ ವಿಮಾನ ಇರಬೇಕಾದುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರದಲ್ಲಿತ್ತು. ಸರಿಯಾದ ಹಾದಿಯಲ್ಲಿ ಇದ್ದೀರಾ, ಖಚಿತಪಡಿಸಿ ಎಂದು ಟವರ್ ಕೇಳಿತು. ಇರಲಿಲ್ಲ. ಇದ್ದೇವೆ ಅನ್ನು ಎಂದು ಕ್ಯಾಪ್ಟನ್ ಒತ್ತಾಯಿಸಿದರು, ಸಹ ಪೈಲಟ್ ಹಾಗೇ ಅಂದರು. ಇಳಿಯಲು ಅನುಮತಿ ಬಂತು. ರೇಡಿಯೊ ಗೊರಗೊರ ಎನ್ನಲಿಲ್ಲ, ಯಾರ ಉಚ್ಚಾರವೂ ತೊಡಕಾಗಲಿಲ್ಲ. ಮಾತು ಮುಕ್ಕಾಗದೆ ಮುಟ್ಟಿತು, ಮುಟ್ಟಿದ್ದು ಮಾತ್ರ ನಿಜವಲ್ಲ. ಇಳಿಯುವುದನ್ನು ಬಿಟ್ಟು ಮೇಲೇರಿ ಸುತ್ತು ಹಾಕಿ ಬರೋಣ, ಅಂದರೆ ‘ಗೋ ಅರೌಂಡ್’, ಎಂದು ಅದೇ ಸಹ ಪೈಲಟ್ ಒಟ್ಟು ಮೂರು ಸಲ ಹೇಳಿದ್ದರು. ಮೊದಲ ಸಲದ್ದು ಪ್ರಶ್ನೆಯ ದನಿಯಲ್ಲಿತ್ತು. ಸಾಹೇಬರ ಮುಂದೆ ‘ಹಂಗಲ್ಲೇನ್ರೀ ಸರ?’ ಎಂದು ಕೇಳಿ ಸುಮ್ಮನಾಗುವುದು ನಮಗೇನು ಹೊಸದಲ್ಲ.

ವಿಮಾನಗಳ ಸಂವಹನ ದೋಷ ಎಂದ ಕೂಡಲೇ ಇಂಗ್ಲಿಷಿನ ಕಡೆ ಬೊಟ್ಟು ಮಾಡುವ ರೂಢಿಯಿದೆ. ಅದಕ್ಕೆ ಆಧಾರವೂ ಇದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಝಕಿಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ದೆಹಲಿಗೆ ಇಳಿಯುತ್ತಿದ್ದ ಕಝಕ್ ವಿಮಾನ 15,000 ಅಡಿಯಲ್ಲಿ ನಿಲ್ಲಬೇಕಿತ್ತು, ಅದಕ್ಕೂ ಕೆಳಗೆ ಹೋಯಿತು. ಅಲ್ಲಿ ಭಾಷೆಯ ತೊಡಕನ್ನು ತಳ್ಳಿಹಾಕಲಾಗದು. ಆದರೆ ನಮ್ಮ ಬೆಂಗಳೂರಿನ ಲೆಕ್ಕವೇ ಬೇರೆ. 1990ರ ಫೆಬ್ರುವರಿ 14ರಂದು ಎಚ್‌ಎಎಲ್ ವಿಮಾನ ನಿಲ್ದಾಣದ ಪಕ್ಕದ ಗಾಲ್ಫ್ ಮೈದಾನಕ್ಕೆ ಬಡಿದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ 320ರಲ್ಲಿ 146 ಜನರಿದ್ದರು, 92 ಮಂದಿ ತೀರಿಕೊಂಡರು. ಇಬ್ಬರು ಪೈಲಟ್‌ಗಳೂ ನಮ್ಮ ದೇಶದವರೇ, ಇಬ್ಬರೂ ಕ್ಯಾಪ್ಟನ್‌ಗಳೇ. ಒಬ್ಬರು ಹಾರಿಸುತ್ತಿದ್ದರು, ಇನ್ನೊಬ್ಬರು ಅವರ ಪರೀಕ್ಷಕರು. ಎಂಜಿನ್‌ಗಳು ಐಡ್ಲಿಂಗ್‌ನಲ್ಲಿದ್ದು ವೇಗ ಕುಸಿಯುತ್ತಿತ್ತು. ಎರಡೂ ಸೀಟಿನ ಫ್ಲೈಟ್ ಡೈರೆಕ್ಟರ್, ಅಂದರೆ ಪೈಲಟ್‌ಗೆ ಹಾದಿ ತೋರುವ ಸಾಧನ, ಆಫ್ ಆದರೆ ಮಾತ್ರ ವೇಗ ಕಾಯುವ ಕೆಲಸಕ್ಕೆ ಕಂಪ್ಯೂಟರ್ ಮರಳುತ್ತಿತ್ತು. ಆಫ್ ಮಾಡಬೇಕೇ ಎಂದು ಒಬ್ಬರು ಕೇಳಿದರು. ಹೌದೆಂದಾಯಿತು. ನನ್ನದು ಆಗಲೇ ಮಾಡಿದ್ದೇನೆ ಎಂಬ ಮಾತು ಬಂತು, ನನ್ನ ಕಡೆಯದನ್ನು ಮಾಡಿಲ್ಲವಲ್ಲ ಎಂದು ಉತ್ತರವೂ ಬಂತು. ನೆಲ ಹತ್ತಿರವಾಗುತ್ತಿದ್ದಾಗ ನಡೆದ ಸಂಭಾಷಣೆ ಇದು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ತನಿಖೆ ಇದನ್ನೆಲ್ಲ ದಾಖಲಿಸಿದೆ. ಇಬ್ಬರಿಗೂ ಏನೋ ಸರಿಯಿಲ್ಲ ಎಂದು ಹೊಳೆದಿತ್ತು. ಥ್ರಾಟಲ್ ಮುಂದಕ್ಕೆ ತಳ್ಳಿದ್ದು ಮಾತ್ರ ಹೊತ್ತು ಮೀರಿದ ಮೇಲೆ.

ಮಾತನಾಡಲು ಕಿರಿಯರಿಗೆ ಧೈರ್ಯ ತುಂಬಬೇಕು ಎನ್ನುವುದು ಇದಕ್ಕೆಲ್ಲ ಸಾಮಾನ್ಯವಾಗಿ ಸಿಗುವ ಪರಿಹಾರ. 1978ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಇಂಧನ ಮುಗಿದು ವಿಮಾನವೊಂದು ಬಿದ್ದ ಮರುವರ್ಷ ನಾಸಾ ಕರೆದ ಸಭೆಯಿಂದ ಹಿಡಿದು ಈವರೆಗೆ ಜಗತ್ತಿನ ಪೈಲಟ್‌ಗಳೆಲ್ಲ ಇದನ್ನು ಕಲಿಸುವ ತರಬೇತಿಯಲ್ಲಿ ಕೂತೆದ್ದಿದ್ದಾರೆ. ಬಹಳ ಉಪಕಾರವೂ ಆಗಿದೆ. ಆದರೂ ಅದು ಅರ್ಧ ಔಷಧಿ. ಮಂಗಳೂರಿನ ಸಹ ಪೈಲಟ್ ಬಾಯಿ ಬಿಡದೆ ಕೂತಿರಲಿಲ್ಲ. 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನಲ್ಲಿ, ಅಂಥದೇ ಗುಡ್ಡದ ರನ್‌ವೇಯಲ್ಲಿ, ಅದೇ ಕಂಪನಿಯ ವಿಮಾನ ಮಳೆಯಲ್ಲಿ ಇಳಿಯುವಾಗಲೂ ಸಹ ಪೈಲಟ್ ಗೋ ಅರೌಂಡ್ ಎಂದಿದ್ದರು. ಸತ್ತವರು 21. ಆ ಕರೆ ಬಂದ ಮೇಲೂ ಇಳಿದದ್ದು, ಕರೆ ಕೊಟ್ಟವರು ಕಂಟ್ರೋಲ್ ಕೈಗೆ ತೆಗೆದುಕೊಳ್ಳದೆ ಹೋದದ್ದು, ಎರಡನ್ನೂ ತನಿಖಾ ವರದಿ ಕಾರಣವೆಂದು ಬರೆಯಿತು. ಹತ್ತು ವರ್ಷದ ಅಂತರದಲ್ಲಿ ಹೆಚ್ಚುಕಡಿಮೆ ಒಂದೇ ವಾಕ್ಯವನ್ನು ಎರಡು ಸಲ ಬರೆಯಬೇಕಾಯಿತು. ಮಾತಾಡು ಎಂದು ಕಿರಿಯನಿಗೆ ಹೇಳುವುದು ಸುಲಭ. ಅವನ ಮಾತಿಗೆ ಕಿಮ್ಮತ್ತು ಕಟ್ಟುವ ಕೆಲಸ ಹಿರಿಯನ ಮರ್ಜಿಗೇ ಬಿಟ್ಟಿದ್ದರೆ ಆ ಧೈರ್ಯ ಎಲ್ಲಿಗೆ ಬಂತು?

ಕಿರಿಯರ ಮಾತಿಗೆ ಹಿರಿಯರು ಕಟ್ಟುಬೀಳಬೇಕು ಎಂಬುದಕ್ಕೊಂದು ಗಟ್ಟಿ ಆಕ್ಷೇಪವಿದೆ. ವಿಮಾನ ಪಂಚಾಯಿತಿ ಕಟ್ಟೆಯಲ್ಲ. ಇಳಿಯುವ ಕೊನೆಯ ಎರಡು ನಿಮಿಷದಲ್ಲಿ ಟವರ್ ಒಂದು ಕಡೆ ಮಾತಾಡುತ್ತಿರುತ್ತದೆ, ಗಾಳಿ ಒಂದು ಕಡೆ ತಳ್ಳುತ್ತಿರುತ್ತದೆ, ಚಕ್ರ, ಫ್ಲ್ಯಾಪ್, ವೇಗ ಎಲ್ಲವನ್ನೂ ಒಟ್ಟಿಗೇ ನೋಡಬೇಕು. ಅಲ್ಲಿ ಇಬ್ಬರು ಯಜಮಾನರಾದರೆ ಕೈಗೆ ಕೈ ಅಡ್ಡ ಬಂದು ಇನ್ನೊಂದೇ ಅನಾಹುತ. ಈ ಮಾತನ್ನು ನಾನು ಒಪ್ಪುತ್ತೇನೆ. ಯಜಮಾನಿಕೆ ಒಬ್ಬರದೇ ಇರಲಿ. ಆದರೆ ‘ಇಳಿಯೋಣ’ ಮತ್ತು ‘ಬೇಡ’ ಎಂಬ ಎರಡು ತೀರ್ಮಾನಗಳ ತೂಕ ಒಂದೇ ಅಲ್ಲ. ಇಳಿಯೋಣ ಎಂದದ್ದು ತಪ್ಪಾದರೆ ಬಜ್ಪೆ. ಬೇಡ ಎಂದದ್ದು ತಪ್ಪಾದರೆ, ಬಹುಪಾಲು, ಒಂದಿಷ್ಟು ಇಂಧನ ಮತ್ತು ಕಾಲು ತಾಸು. ಅಂದ ಮೇಲೆ ಮುಂದುವರಿಸಲು ಇಬ್ಬರ ಒಪ್ಪಿಗೆ ಬೇಕು, ಬಿಡಲು ಯಾರೊಬ್ಬರ ಮಾತಾದರೂ ಸಾಕು ಎನ್ನುವುದೇ ನ್ಯಾಯದ ಲೆಕ್ಕ. ಇದನ್ನು ಅರಾಜಕತೆ ಎನ್ನುವವರು ನಷ್ಟದ ಬಾಬತ್ತನ್ನು ಕೂಡಿ ನೋಡಿಲ್ಲ.

ಕೋಳಿಕ್ಕೋಡಿನ ವರದಿಯ ಪ್ರಕಾರವೂ ಆ ಕರೆಯ ನಂತರ ಮೇಲೇರುವುದು ಕಡ್ಡಾಯವಾಗಿತ್ತು. ಕಾಗದದಲ್ಲಿ ನಿಯಮ ಇತ್ತು, ಕೈಗೆ ಇಳಿದಿರಲಿಲ್ಲ. ಆ ಕ್ಯಾಪ್ಟನ್ ಮರುದಿನ ಬೆಳಿಗ್ಗೆ ಅಲ್ಲಿಂದಲೇ ಇನ್ನೊಂದು ವಿಮಾನ ಒಯ್ಯಬೇಕಿತ್ತು ಎಂಬುದೂ ವರದಿಯಲ್ಲಿದೆ. ಇಳಿಯಲೇಬೇಕೆಂಬ ಒತ್ತಡ ಬರುವುದು ಹೀಗೆ, ಡ್ಯೂಟಿ ಪಟ್ಟಿಯೊಳಗಿಂದ. ಒತ್ತಡದಲ್ಲಿ ನಮ್ಮ ಪಾಲೂ ಇದೆ. ಮುಂಗಾರಿನ ಮೋಡದಲ್ಲಿ ಹುಬ್ಬಳ್ಳಿಯವರೆಗೂ ಬಂದ ವಿಮಾನ ಇಳಿಯದೆ ಮೇಲೆದ್ದರೆ, ನಿಲ್ದಾಣದಲ್ಲಿ ಕಲಘಟಗಿಯ ಗಾಡಿ ಕಾಯುತ್ತಿದೆ ಎಂದು ಗೊಣಗುವವರು ನಾವೇ.

ಪ್ರತಿ ಹಾರಾಟದ ಎತ್ತರ, ವೇಗಗಳ ದಾಖಲೆಯನ್ನು ಕಂಪನಿಗಳು ಜರಡಿ ಹಿಡಿಯುತ್ತವೆ. ಪಕ್ಕದ ಸೀಟಿನವರು ಏನಂದರು ಎಂದು ಟೇಪನ್ನು ಹಾಗೆ ಪ್ರತಿ ಸಲವೂ ಕೇಳುವುದಿಲ್ಲ. ದಿನವೂ ಕೇಳಿ ಎಂದು ನಾನು ಹೇಳುವುದಿಲ್ಲ, ಕದ್ದು ಕೇಳುವವರಿದ್ದಾರೆ ಎಂದಾದರೆ ಯಾರೂ ಬಾಯಿಬಿಡಲಿಕ್ಕಿಲ್ಲ. ಸಿಮ್ಯುಲೇಟರ್ ಇದೆಯಲ್ಲ, ಅಲ್ಲಿ ಪರೀಕ್ಷೆ ನಡೆಯಲಿ. ಎಲ್ಲವೂ ನೆಟ್ಟಗಿರುವ ಇಳಿತದ ನಡುವೆ, ಕಾರಣ ಹೇಳದೆ, ಕಿರಿಯ ಪೈಲಟ್ ಗೋ ಅರೌಂಡ್ ಎನ್ನಲಿ. ಥ್ರಾಟಲ್ ಮುಂದಕ್ಕೆ ತಳ್ಳುವ ಮೊದಲು ಪಕ್ಕಕ್ಕೆ ತಿರುಗಿ ನೋಡಿದ ಕ್ಯಾಪ್ಟನ್‌ಗೆ ಆ ದಿನ ಪಾಸು ಕೊಡಬಾರದು, ಅವರ ಹಾರಾಟದ ತಾಸು ಎಷ್ಟು ಸಾವಿರವಿದ್ದರೂ.