ಹತ್ತನೇ ಕ್ಲಾಸ್ ಸರಣಿ, ಭಾಗ 4: ಕೆಮಿಸ್ಟ್ರಿ ಹಳೇ ಪೇಪರ್ ಮತ್ತು 99 ರೂಪಾಯಿ ಪಿಡಿಎಫ್

ಈ ವಾರ ನನ್ನ ಡಿಎಂ ತುಂಬಾ ಒಂದೇ ಮೆಸೇಜ್. "ಅಕ್ಕಾ, ಕೆಮಿಸ್ಟ್ರಿ ಇಂಪಾರ್ಟೆಂಟ್ ಕ್ವೆಶ್ಚನ್ಸ್ ಕಳ್ಸಿ." ಅದರ ಜೊತೆಗೆ ಮೂರು ಜನ ಒಂದೇ ಸ್ಕ್ರೀನ್‌ಶಾಟ್ ಕಳ್ಸಿದ್ದೀರ. ಯಾವುದೋ ಚಾನೆಲ್‌ನವರು "ನೂರಕ್ಕೆ ನೂರು ಗ್ಯಾರಂಟಿ ಪ್ರಶ್ನೆಗಳು, ಬರೀ 99 ರೂಪಾಯಿ" ಅಂತ ಪಿಡಿಎಫ್ ಮಾರ್ತಿದ್ದಾರೆ. ತಗೋಬಹುದಾ ಅಂತ ನಿಮ್ಮ ಪ್ರಶ್ನೆ. ಬೇಡ. ಆ ದುಡ್ಡಲ್ಲಿ ಒಂದು ಲಾಂಗ್ ನೋಟ್‌ಬುಕ್, ಎರಡು ಪೆನ್ ತಗೊಳ್ಳಿ. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಊಟ ಆದ್ಮೇಲೆ ಓದಿ.

ಮೊದಲು ನನ್ನ ಕಾಲೆಳೆಯೋರಿಗೆ ಉತ್ತರ ಕೊಟ್ಟುಬಿಡ್ತೀನಿ. ಹೌದು, ನಾನು ಬಿಕಾಂ ಓದ್ತಿರೋಳು. ಹೌದು, ನಾವು 2021ರ ಒಎಂಆರ್ ಬ್ಯಾಚ್. ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ದಿನ, ಒಂದೊಂದಕ್ಕೆ 40 ಅಂಕ, ಎಲ್ಲಾ ಬಹು ಆಯ್ಕೆ. ಒಂದು ಸಮೀಕರಣನ ಪೂರ್ತಿ ಬರೆಯೋ ಭಾಗ್ಯನೂ ನಮಗೆ ಸಿಗ್ಲಿಲ್ಲ. ಆದ್ರೆ ಹಳೇ ಪೇಪರ್ ಬಗ್ಗೆ ನನಗೆ ಇಷ್ಟು ಗಟ್ಟಿ ಅಭಿಪ್ರಾಯ ಇರೋದೇ ಆ ವರ್ಷದಿಂದ. ಐದೈದು ವರ್ಷದ ಪ್ರಶ್ನೆ ಪತ್ರಿಕೆ ಉರು ಹೊಡೆದು ಕೂತಿದ್ದ ನನ್ನ ಫ್ರೆಂಡ್ಸ್‌ಗೆ ಪ್ಯಾಟರ್ನ್ ಬದಲಾದ ಸುದ್ದಿ ಬಂದ ದಿನ ಕೈಕಾಲೇ ಆಡ್ಲಿಲ್ಲ. ಪಾಠ ಅರ್ಥ ಮಾಡ್ಕೊಂಡಿದ್ದೋರು "ಸರಿ ಬಿಡು, ಬರೆಯೋದು ಉಳೀತು" ಅಂದ್ಕೊಂಡು ಹೋಗಿ ಬಬಲ್ ತುಂಬಿ ಬಂದ್ರು. ಹಾಗಾಗಿ 2021ರ ಪೇಪರ್ ಸಿಕ್ಕಿದ್ರೆ ಟೈಮ್ ಇಟ್ಟು ಬರೆಯೋಕೆ ಅದನ್ನ ಬಳಸ್ಬೇಡಿ, ಅದರ ಲೆಕ್ಕವೇ ಬೇರೆ.

ಈಗ ವಿಷಯಕ್ಕೆ ಬರೋಣ. ಹಳೇ ಪೇಪರ್ ಮಾಡ್ಬೇಡಿ ಅಂತ ನಾನು ಹೇಳ್ತಿಲ್ಲ. ಅದಕ್ಕಿಂತ ಒಳ್ಳೇ ಸಾಮಾನು ಇನ್ನೊಂದಿಲ್ಲ. ಆದ್ರೆ ಮುಂದೇನು ಬರುತ್ತೆ ಅಂತ ಕಣಿ ಕೇಳೋಕೆ ಅದನ್ನ ಬಳಸೋದು ದಂಡ. ನಿಮಗೇನು ಬರಲ್ಲ ಅಂತ ಕಂಡುಹಿಡಿಯೋಕೆ ಬಳಸಿ.

ಸಂಜೆ ಹೊತ್ತು ನಮ್ಮ ಬೀದಿಯ ಏಳು ಮಕ್ಕಳಿಗೆ ನಾನು ಪಾಠ ಹೇಳ್ಕೊಡ್ತೀನಿ. ಅದರಲ್ಲಿ ಒಬ್ಬಳು ನರ್ಸಿಂಗ್ ಮಾಡ್ಬೇಕು ಅಂತ ಕನಸು ಇಟ್ಕೊಂಡಿದ್ದಾಳೆ. ಅವರ ಮನೇಲಿ ಹತ್ತನೇ ಕ್ಲಾಸ್ ದಾಟಿದೋರು ಯಾರೂ ಇಲ್ಲ. ಪಿಯುಸಿಲಿ ಸೈನ್ಸ್ ಸಿಗ್ಬೇಕು ಅಂದ್ರೆ ವಿಜ್ಞಾನದಲ್ಲಿ ಒಳ್ಳೇ ಮಾರ್ಕ್ಸ್ ಬೇಕೇ ಬೇಕು. ಪಾಪ, ಉತ್ತರ ಸಮೇತ ಸಿಗೋ ಪ್ರಶ್ನೆ ಪತ್ರಿಕೆ ಪುಸ್ತಕ ತಂದು ಪೂರ್ತಿ ಬಾಯಿಪಾಠ ಮಾಡಿದ್ಲು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪ್ರಶ್ನೆ ಬಂತು: ಬಿಸಿನೀರಿನ ತೊಟ್ಟಿ ಮಾಡೋಕೆ ತಾಮ್ರ ಬಳಸ್ತಾರೆ, ಉಕ್ಕು ಬಳಸಲ್ಲ, ಕಾರಣ ಕೊಡಿ. ಇವಳು ಬರೆದಿದ್ದು ಹುಣಸೆಹಣ್ಣಿನ ಉತ್ತರ! ಚೆನ್ನಾಗಿ, ದುಂಡಗೆ, ಒಂದು ಅಕ್ಷರ ತಪ್ಪಿಲ್ಲದೆ. ಸೊನ್ನೆ.

ತಮಾಷೆ ಅನ್ಸುತ್ತೆ ಅಲ್ವಾ? ಆದ್ರೆ ಲೋಹಗಳ ಪಾಠ ತೆಗೆದು ನೋಡಿ, ತಾಮ್ರದ ಪಾತ್ರೆ ಇಟ್ಕೊಂಡು ಎಷ್ಟು ಥರ ಕೇಳಬಹುದು ಅಂತ. ಅಜ್ಜಿ ಹಬ್ಬದ ಹಿಂದಿನ ದಿನ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ತಿಕ್ತಾರೆ. ಚೊಂಬಿನ ಮೇಲೆ ಕೂತಿರೋ ಹಸಿರು ಪದರ ತಾಮ್ರದ ಪ್ರತ್ಯಾಮ್ಲೀಯ ಕಾರ್ಬೊನೇಟ್. ಹುಣಸೆಯಲ್ಲಿರೋ ಆಮ್ಲ ಅದನ್ನ ಕರಗಿಸುತ್ತೆ, ಕೆಳಗಿನ ತಾಮ್ರ ಹೊಳೆಯುತ್ತೆ. ಇದು ಒಂದು. ಮೊಸರನ್ನ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಇಡಬಾರದು. ಅಲ್ಲೂ ಆಮ್ಲವೇ, ಆದ್ರೆ ಈ ಸಲ ಮೊಸರಿನ ಆಮ್ಲ ಪಾತ್ರೆಯ ಜೊತೆ ವರ್ತಿಸಿ ವಿಷಕಾರಿ ಸಂಯುಕ್ತ ಆಗುತ್ತೆ, ಅದು ನಮ್ಮ ಹೊಟ್ಟೆಗೆ ಹೋಗುತ್ತೆ. ಇನ್ನು ಬಚ್ಚಲುಮನೆಯ ಹಂಡೆ. ಇಲ್ಲಿ ಆಮ್ಲದ ಸುದ್ದಿಯೇ ಇಲ್ಲ. ತಾಮ್ರ ತಣ್ಣೀರು, ಬಿಸಿನೀರು, ಹಬೆ ಯಾವುದರ ಜೊತೆಗೂ ವರ್ತಿಸಲ್ಲ. ಉಕ್ಕಿನಲ್ಲಿರೋ ಕಬ್ಬಿಣ ಹಬೆಯ ಜೊತೆ ವರ್ತಿಸುತ್ತೆ. ಪಾತ್ರೆ ಒಂದೇ, ಉತ್ತರ ಮೂರು. ಬಾಯಿಪಾಠ ಮಾಡಿದ ತಲೆಗೆ "ತಾಮ್ರ" ಅನ್ನೋ ಪದ ಕಂಡ ತಕ್ಷಣ ಮೊದಲು ಯಾವುದು ನೆನಪಿಗೆ ಬರುತ್ತೋ ಅದು ಪೇಪರ್ ಮೇಲೆ ಇಳಿಯುತ್ತೆ.

ಆ ಪುಸ್ತಕದ ತೊಂದರೆ ಏನು ಗೊತ್ತಾ? ಪ್ರಶ್ನೆ ಕೆಳಗೇ ಉತ್ತರ. ಕಣ್ಣು ಜಾರಿ ಕೆಳಗೆ ಹೋಗುತ್ತೆ, ಓದಿದ ಮೇಲೆ "ಓ, ಇದು ನಂಗೊತ್ತಿತ್ತು" ಅನ್ಸುತ್ತೆ. ಗೊತ್ತಿರಲಿಲ್ಲ ಕಣ್ರೋ. ಗುರುತು ಸಿಕ್ತು ಅಷ್ಟೇ. ಮದುವೆ ಮನೇಲಿ ಯಾರನ್ನೋ ನೋಡಿ "ಇವರನ್ನ ಎಲ್ಲೋ ನೋಡಿದೀನಿ" ಅಂದ್ಕೊಳ್ತೀವಲ್ಲ, ಹೆಸರು ಕೇಳಿದ್ರೆ ಬಾಯಿ ಬರಲ್ಲ, ಹಾಗೆ.

ಅದಕ್ಕೇ ಹೇಳೋದು, ಬರೀರಿ. ಮಂಡಳಿಯ ವೆಬ್‌ಸೈಟ್‌ನಲ್ಲೇ ಹಳೇ ಪ್ರಶ್ನೆ ಪತ್ರಿಕೆ, ಮಾದರಿ ಪತ್ರಿಕೆ, ಕೀ ಉತ್ತರ ಎಲ್ಲಾ ಪುಕ್ಕಟೆ ಸಿಗುತ್ತೆ. 2024ರಿಂದ ಪರೀಕ್ಷೆ-1, 2, 3 ಅಂತ ಶುರುವಾಯ್ತಲ್ಲ, ಅದರಿಂದ 2024 ಮತ್ತು 2025 ಎರಡೇ ವರ್ಷಕ್ಕೆ ಆರು ಪೇಪರ್ ಇವೆ. ನಿಮಗೆ ಅಷ್ಟು ಸಾಕು. ತುಂಬಾ ಹಿಂದಕ್ಕೆ ಹೋದ್ರೆ ಈಗ ಇಲ್ಲದ ಪಾಠದ ಪ್ರಶ್ನೆನೂ ಸಿಗುತ್ತೆ. ಉದಾಹರಣೆಗೆ ಎನ್‌ಸಿಇಆರ್‌ಟಿ ತನ್ನ ಹತ್ತನೇ ಪುಸ್ತಕದಿಂದ ಧಾತುಗಳ ಆವರ್ತನೀಯ ವರ್ಗೀಕರಣದ ಪಾಠವನ್ನೇ ತೆಗೆದುಬಿಟ್ಟಿತು. ಹಾಗಾಗಿ ನಿಮ್ಮ ಕೈಯಲ್ಲಿರೋ ಪುಸ್ತಕದ ಪರಿವಿಡಿ ಪಕ್ಕದಲ್ಲಿಟ್ಕೊಂಡು ಪೇಪರ್ ತೆಗೀರಿ.

ಟೈಮ್ ಲೆಕ್ಕ ನನಗೆ ಬಿಡಿ, ನಾನು ಕಾಮರ್ಸ್. ಓದೋಕೆ ಕೊಡೋ 15 ನಿಮಿಷ ಬಿಟ್ರೆ 180 ನಿಮಿಷ, 80 ಅಂಕ. ಒಂದು ಅಂಕಕ್ಕೆ ಎರಡೂಕಾಲು ನಿಮಿಷ. ಕೆಮಿಸ್ಟ್ರಿ ಭಾಗ ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಅಂದ್ರೆ ಒಂದು ಗಂಟೆಯಲ್ಲಿ ಮುಗಿಸಬೇಕು. ಫೋನ್ ಅಮ್ಮನ ಕೈಗೆ ಕೊಡಿ, ಗೋಡೆ ಗಡಿಯಾರ ನೋಡ್ಕೊಂಡು ಕೂತ್ಕೊಳ್ಳಿ. ಗೊತ್ತಿಲ್ಲದ್ದು ಖಾಲಿ ಬಿಡಿ, ಪರವಾಗಿಲ್ಲ. ಆ ಖಾಲಿ ಜಾಗವೇ ನಿಮಗೆ ಬೇಕಾಗಿರೋ ಮಾಹಿತಿ.

ಆಮೇಲೆ ಕೀ ಉತ್ತರ ತೆಗೆದು ಕೆಂಪು ಪೆನ್ನಲ್ಲಿ ನೀವೇ ಮೌಲ್ಯಮಾಪನ ಮಾಡಿ. ಕೀ ಉತ್ತರದಲ್ಲಿ ಯಾವ ಸಾಲಿಗೆ ಎಷ್ಟು ಅಂಕ ಅಂತ ಹಾಕಿರ್ತಾರೆ, ಅದನ್ನ ನೋಡಿ. ಸುಣ್ಣದ ತಿಳಿನೀರಿಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿದ್ರೆ ಏನಾಗುತ್ತೆ, ಏಕೆ ಅಂತ ಕೇಳಿದ್ರೆ ಮುಕ್ಕಾಲು ಜನ "ಹಾಲಿನಂತೆ ಬಿಳಿಯಾಗುತ್ತದೆ" ಅಂತ ಬರೆದು ಮುಂದೆ ಹೋಗ್ತೀರ. "ಏಕೆ" ಅನ್ನೋದು ಅಲ್ಲೇ ಅನಾಥ. ಕ್ಯಾಲ್ಸಿಯಂ ಕಾರ್ಬೊನೇಟ್ ಅನ್ನೋ ಎರಡು ಪದ ಬರೆದಿದ್ರೆ ಆ ಅಂಕ ನಿಮ್ಮದೇ ಆಗಿತ್ತು. ಗೊತ್ತಿದ್ದೂ ಬರೆಯದೆ ಕಳ್ಕೊಳ್ಳೋ ಇಂಥ ಅಂಕ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ.

ಆ ಲಾಂಗ್ ನೋಟ್‌ಬುಕ್ ಹೇಳಿದ್ನಲ್ಲ, ಅದು ಇದಕ್ಕೇ. ಕಿರಾಣಿ ಅಂಗಡಿಲಿ ಸಾಲದ ಬಾಕಿ ಪುಸ್ತಕ ಇರುತ್ತಲ್ಲ, ಹಾಗೆ ಇಡಿ. ಯಾವ ಪ್ರಶ್ನೆ, ಎಷ್ಟು ಅಂಕ ಹೋಯ್ತು, ಯಾಕೆ ಹೋಯ್ತು. ಗೊತ್ತೇ ಇರಲಿಲ್ವಾ, ಗೊತ್ತಿದ್ದು ಬರೀಲಿಲ್ವಾ, ಇಲ್ಲಾ ಪ್ರಶ್ನೆನೇ ಸರಿಯಾಗಿ ಓದ್ಲಿಲ್ವಾ? ಗೊತ್ತೇ ಇಲ್ಲದ್ದಕ್ಕೆ ಮಾತ್ರ ಪಾಠಪುಸ್ತಕಕ್ಕೆ ವಾಪಸ್ ಹೋಗಿ ಆ ಪುಟ ಓದಿ. ಉಳಿದಿದ್ದಕ್ಕೆ ಮತ್ತೆ ಬರೆಯೋದೇ ಮದ್ದು. ನಾಲ್ಕು ದಿನ ಬಿಟ್ಟು ಅದೇ ಪ್ರಶ್ನೆ ನೋಡದೆ ಬರೆದು, ಸರಿ ಬಂದ್ರೆ ಬಾಕಿ ತೀರಿತು ಅಂತ ಗೀಟು ಎಳೀರಿ. ನಮ್ಮ ನರ್ಸಿಂಗ್ ಹುಡುಗಿ ಈಗ ಮೂರನೇ ಪೇಪರ್‌ನಲ್ಲಿದ್ದಾಳೆ. ಅವಳ ಪುಸ್ತಕದಲ್ಲಿ ಅತಿ ಹೆಚ್ಚು ಬಾಕಿ ಇರೋದು ಸಮೀಕರಣ ಸರಿದೂಗಿಸೋದ್ರಲ್ಲಿ. ಕಬ್ಬಿಣ ಮತ್ತು ಹಬೆಯ ಕ್ರಿಯೆಗೆ ಮೂರು ಕಬ್ಬಿಣ, ನಾಲ್ಕು ನೀರು ಅಂತ ನಿನ್ನೆ ತಾನೇ ಎಣಿಸಿ ಹಾಕಿದ್ಲು. ನೆನಪಿಂದ ಅಲ್ಲ, ಎರಡೂ ಕಡೆ ಪರಮಾಣು ಎಣಿಸಿ.

"ಆದ್ರೆ ಅಕ್ಕಾ, ಪ್ರಶ್ನೆಗಳು ರಿಪೀಟ್ ಆಗ್ತವಲ್ಲ?" ಆಗ್ತವೆ. ಚಿತ್ರಗಳಂತೂ ತಿರುಗಿ ತಿರುಗಿ ಬರುತ್ತವೆ. ತಾಮ್ರದ ವಿದ್ಯುದ್ವಿಭಜನೀಯ ಶುದ್ಧೀಕರಣದ ಚಿತ್ರ ಹತ್ತು ಸಲ ಬರೀರಿ, ನನ್ನದೇನೂ ತಕರಾರಿಲ್ಲ. ಆದ್ರೆ ಅಶುದ್ಧ ತಾಮ್ರ ಆನೋಡ್ ಕಡೆ ಯಾಕಿದೆ, ಕೆಳಗೆ ಕೆಸರು ಯಾಕೆ ಕೂರುತ್ತೆ ಅಂತ ಗೊತ್ತಿದ್ರೆ ಹತ್ತು ಸಲ ಬೇಕಾಗಲ್ಲ, ಮೂರು ಸಲ ಸಾಕು. ಪಾಸಿಂಗ್ ಪ್ಯಾಕೇಜ್ ಬಗ್ಗೆನೂ ನಾನು ನಗಲ್ಲ. ಪೂರ್ತಿ ಹಿಂದೆ ಬಿದ್ದಿರೋ ಮಕ್ಕಳನ್ನ ದಡ ಸೇರಿಸೋಕೆ ಮೇಷ್ಟ್ರುಗಳು ಕಷ್ಟಪಟ್ಟು ಮಾಡಿರೋದು ಅದು. ಅರವತ್ತು, ಎಪ್ಪತ್ತು ತೆಗೆಯೋ ಶಕ್ತಿ ಇರೋರು ಅದನ್ನೇ ಇಡೀ ಸಿಲಬಸ್ ಅಂದ್ಕೊಂಡು ಕೂತ್ಕೊಂಡ್ರೆ ಮಾತ್ರ ನನಗೆ ಸಿಟ್ಟು ಬರುತ್ತೆ. 99 ರೂಪಾಯಿ ಪಿಡಿಎಫ್‌ನೋರಿಗೆ ಬೇಕಾಗಿರೋದೂ ಅದೇ, ನೀವು ಹೆದರಿಕೊಂಡೇ ಇರಬೇಕು.

ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಏಳು ಜನ 2025ರ ಪರೀಕ್ಷೆ-2ರ ಕೆಮಿಸ್ಟ್ರಿ ಭಾಗ ಬರೆಯೋಕೆ ಕೂರ್ತಾರೆ. ನೀವೂ ನಿಮ್ಮ ಮನೇಲಿ ಕೂತ್ಕೊಳ್ಳಿ. 11ಕ್ಕೆ ಪೆನ್ ಕೆಳಗೆ. ಬಾಕಿ ಪುಸ್ತಕದ ಮೊದಲ ಪುಟದ ಫೋಟೋ ಕಳ್ಸಿ, ಮಾರ್ಕ್ಸ್ ಹೇಳ್ಬೇಡಿ, ಬಾಕಿ ಮಾತ್ರ. ಹೆಚ್ಚು ಜನ ಎಲ್ಲಿ ಎಡವಿದ್ದೀರೋ ಭಾಗ 5ರಲ್ಲಿ ಅದನ್ನೇ ತಗೋತೀನಿ.