ಪ್ರವಾಸ ಕಿವಿಮಾತು: ಹಡಗು ಹತ್ತುವ ಮುನ್ನ

ನವೆಂಬರ್ ಬಂತೆಂದರೆ ಕೊಲ್ಲಿಯ ಬಂದರುಗಳಿಗೆ ಕ್ರೂಸ್ ಹಡಗುಗಳು ಬರತೊಡಗುತ್ತವೆ. ಮಾರ್ಚ್, ಹೆಚ್ಚೆಂದರೆ ಏಪ್ರಿಲ್‌ವರೆಗೆ ಇವುಗಳ ಕಾಲ. ದುಬೈ, ಅಬುಧಾಬಿ, ದೋಹಾ, ಬಹರೈನ್, ಮಸ್ಕತ್‌ಗಳಲ್ಲಿ ಕೆಲವನ್ನು ಸುತ್ತಿ ಬರುವ ಏಳು ರಾತ್ರಿಯ ಪ್ರವಾಸ ಸಾಮಾನ್ಯ. ಮೂರು ನಾಲ್ಕು ರಾತ್ರಿಯದೂ ಆಗಾಗ ಸಿಗುತ್ತದೆ. ನಮ್ಮಂಥವರಿಗೆ ಇದರ ಅನುಕೂಲವೆಂದರೆ ವಿಮಾನದ ಟಿಕೆಟ್ ಬೇಕಿಲ್ಲ. ಮನೆಯಿಂದ ಟ್ಯಾಕ್ಸಿ ಹಿಡಿದರೆ ಹಡಗಿನ ಬಾಗಿಲು. ಊರಿಗೆ ಹೋಗುವ ರಜೆ ಕರಗಿಸದೆ, ಊರಿನಿಂದ ಬಂದ ಅಪ್ಪ ಅಮ್ಮನಿಗೆ ಎರಡು ಮೂರು ದೇಶ ತೋರಿಸಬಹುದು. ಆದರೆ ಎಡವುವುದೂ ಅಲ್ಲೇ.

ಮೊದಲು ಕಾಗದಪತ್ರ

ತಂದೆತಾಯಿ ಏಕ ಪ್ರವೇಶದ ವಿಸಿಟ್ ವೀಸಾದಲ್ಲಿ ದುಬೈಗೆ ಬಂದಿದ್ದಾರೆ ಎನ್ನಿ. ಹಡಗು ಅವರನ್ನು ಮಸ್ಕತ್‌ಗೋ ದೋಹಾಕ್ಕೋ ಕರೆದೊಯ್ದರೆ ಆ ವೀಸಾ ಅಲ್ಲಿಗೆ ಮುಗಿಯಿತು. ಮರಳಿ ದುಬೈಯಲ್ಲಿ ಇಳಿಯಲು ಮತ್ತೊಂದು ಪ್ರವೇಶ ಬೇಕು. ಆದ್ದರಿಂದ ಅವರು ಊರು ಬಿಡುವ ಮೊದಲೇ ಬಹು ಪ್ರವೇಶದ ವೀಸಾ ಮಾಡಿಸಿ. ನಮ್ಮ ರೆಸಿಡೆನ್ಸಿ ಚಾಲ್ತಿಯಲ್ಲಿರಬೇಕು, ಎಲ್ಲರ ಪಾಸ್‌ಪೋರ್ಟಿಗೂ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು.

"ನಾವು ಇಳಿಯುವುದೇ ಇಲ್ಲ, ಹಡಗಿನಲ್ಲೇ ಇರುತ್ತೇವೆ" ಎಂದರೂ ದಾರಿಯ ದೇಶದ ವೀಸಾ ಕೇಳುವುದುಂಟು. ನಿಯಮ ದೇಶಕ್ಕೊಂದು, ಪಾಸ್‌ಪೋರ್ಟಿಗೊಂದು. ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟ್ ಮತ್ತು ವೀಸಾದ ಬಗೆಯನ್ನು ತಿಳಿಸಿ, ಹಣ ಕಟ್ಟುವ ಮೊದಲು ಕಂಪನಿಯಿಂದ ಇಮೇಲ್‌ನಲ್ಲೇ ಉತ್ತರ ಪಡೆಯಿರಿ. ಫೋನಿನಲ್ಲಿ ಏಜೆಂಟ್ "ಏನೂ ತೊಂದರೆ ಇಲ್ಲ" ಎಂದದ್ದು ಬಂದರಿನ ಕೌಂಟರಿನಲ್ಲಿ ಕೆಲಸಕ್ಕೆ ಬಾರದು. ಕಾಗದ ಸರಿಯಿಲ್ಲದೆ ಹತ್ತಲಾಗದವರಿಗೆ ಸಾಮಾನ್ಯವಾಗಿ ಹಣವೂ ಮರಳುವುದಿಲ್ಲ.

ಜಾಹೀರಾತಿನ ಬೆಲೆ, ನಿಜದ ಬೆಲೆ

ಪೋಸ್ಟರಿನಲ್ಲಿ ಕಾಣುವ ದರ ಒಂದು ಕ್ಯಾಬಿನ್ನಿನಲ್ಲಿ ಇಬ್ಬರು ಇದ್ದರೆ ತಲಾ ಎಷ್ಟು ಎಂಬುದು. ಒಬ್ಬರೇ ಹೋದರೆ ಹೆಚ್ಚುವರಿ ತೆರಬೇಕು. ಬ್ಯಾಚುಲರ್ ಗೆಳೆಯರು ಜೋಡಿಯಾಗಿ ಬುಕ್ ಮಾಡುವುದೇ ಲೇಸು. ಬಂದರು ತೆರಿಗೆ ಸೇರಿದೆಯೇ ಎಂದು ಕೇಳಿ. ಇದರ ಮೇಲೆ ಸಿಬ್ಬಂದಿಗೆಂದು ದಿನದ ಸೇವಾ ಶುಲ್ಕ ಬೀಳುವುದುಂಟು. ಲೆಕ್ಕಕ್ಕೆಂದು ತಲೆಗೆ ದಿನಕ್ಕೆ 45 ದಿರ್ಹಮ್ ಹಿಡಿಯಿರಿ: ನಾಲ್ವರಿಗೆ ಏಳು ರಾತ್ರಿಗೆ 1,260 ದಿರ್ಹಮ್! ಬಫೆ ಊಟ ದರದಲ್ಲಿ ಸೇರಿರುತ್ತದೆ. ತಂಪು ಪಾನೀಯ, ಬಾಟಲಿ ನೀರು, ವೈಫೈಗೆ ಹಲವು ಹಡಗುಗಳಲ್ಲಿ ಬೇರೆ ಬಿಲ್. ಬಿಲ್ ಯೂರೋ ಅಥವಾ ಡಾಲರಿನಲ್ಲಿದ್ದರೆ ಬ್ಯಾಂಕಿನ ಪರಿವರ್ತನಾ ಶುಲ್ಕವೂ ಸೇರುತ್ತದೆ. ಎಲ್ಲ ಕೂಡಿಸಿದ ಮೇಲೂ ಊರಿಗೆ ಕಳಿಸುವ ತಿಂಗಳ ಹಣಕ್ಕೆ ಕೈ ಹಾಕಬೇಕಾಗದಿದ್ದರೆ ಮಾತ್ರ ಮುಂದುವರಿಯಿರಿ. ಕೆಂಪು ಸಮುದ್ರದ ಗಲಭೆಯಿಂದಾಗಿ ಕೆಲವು ಕಂಪನಿಗಳು ಕೊಲ್ಲಿಯ ಪ್ರವಾಸಗಳನ್ನು ರದ್ದು ಮಾಡಿದ್ದೂ ಇದೆ. ಹಣ ವಾಪಸಾತಿಯ ಷರತ್ತು ಓದಿಯೇ ಕಟ್ಟಿ.

ಕ್ಯಾಬಿನ್, ಊಟ, ಔಷಧ

ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಅಗ್ಗ. ಹಗಲೆಲ್ಲ ಡೆಕ್ ಮೇಲೆಯೇ ಇರುವವರಿಗೆ ಅದು ಸಾಕು. ವಯಸ್ಸಾದವರಿಗೆ ಬಾಲ್ಕನಿ ಇದ್ದರೆ ಹಿತ. ತಲೆಸುತ್ತು ಬರುವವರು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್ ಕೇಳಲಿ. ಅಲ್ಲಿ ಓಲಾಟ ಕಡಿಮೆ. ಶುದ್ಧ ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಬೇಕಾದರೆ ಬುಕಿಂಗ್ ಸಮಯದಲ್ಲೇ ಬರೆಸಿ. ಇಸ್ತ್ರಿ ಪೆಟ್ಟಿಗೆ, ಕೆಟಲ್, ಕುಕ್ಕರ್ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಅವನ್ನು ತಡೆಹಿಡಿಯುತ್ತಾರೆ.

ದೊಡ್ಡ ಪೆಟ್ಟಿಗೆ ಕ್ಯಾಬಿನ್ ತಲುಪುವಾಗ ಸಂಜೆಯಾಗಬಹುದು. ಬಿಪಿ, ಶುಗರ್ ಮಾತ್ರೆಗಳು ಕೈಚೀಲದಲ್ಲೇ ಇರಲಿ. ಹಡಗಿನ ವೈದ್ಯರ ಶುಲ್ಕ ದುಬಾರಿ, ನಮ್ಮ ಇಲ್ಲಿನ ಇನ್ಶೂರೆನ್ಸ್ ಕಾರ್ಡ್ ಅಲ್ಲಿ ನಡೆಯದಿರಬಹುದು; ಪ್ರವಾಸ ವಿಮೆ ಮಾಡಿಸಿ. 24 ವಾರ ದಾಟಿದ ಗರ್ಭಿಣಿಯರನ್ನು ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಗಡಿಯಾರದ ಮೇಲೆ ಕಣ್ಣು

ದುಬೈ, ಮಸ್ಕತ್ ಗಡಿಯಾರ ಒಂದೇ. ದೋಹಾ, ಬಹರೈನ್ ಒಂದು ಗಂಟೆ ಹಿಂದೆ. ದೋಹಾದಲ್ಲಿ ಇಳಿದಾಗ ಫೋನು ತಾನಾಗಿ ಅಲ್ಲಿನ ಸಮಯಕ್ಕೆ ಬದಲಾಗುತ್ತದೆ; ಹಡಗು ದುಬೈ ಸಮಯದಲ್ಲೇ ಇದ್ದರೆ, ಫೋನ್ ನಂಬಿ ಬಂದವರಿಗೆ ಹಡಗಿನ ಬೆನ್ನು ಕಾಣುತ್ತದೆ. ಇಳಿಯುವಾಗ ಹಡಗಿನ ಸಮಯ ಕೇಳಿ, ಕೈಗಡಿಯಾರ ಅದಕ್ಕೆ ಹೊಂದಿಸಿ. ಹೊರಡುವ ಹೊತ್ತಿಗಲ್ಲ, ಹತ್ತುವ ಕೊನೆಯ ಗಡುವಿಗೆ ಮುಂಚೆ ಬನ್ನಿ. ಸಮುದ್ರದಲ್ಲಿ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದರೆ ಬಿಲ್ ನೋಡಿ ಬೆವರಬೇಕಾದೀತು.

ಎಲ್ಲ ಕಡೆ ದುಬಾರಿ ಟೂರ್ ಬೇಕಿಲ್ಲ. ಮಸ್ಕತ್‌ನಲ್ಲಿ ಹಡಗು ನಿಲ್ಲುವ ಸುಲ್ತಾನ್ ಕಾಬೂಸ್ ಬಂದರಿನ ಗೇಟಿನಿಂದ ಮತ್ರಾ ಸೂಕ್‌ಗೆ ಕಡಲ ದಂಡೆಯಲ್ಲೇ ನಡೆದು ಹೋಗಬಹುದು. ದೋಹಾದ ಹಳೆ ಬಂದರಿನಿಂದ ಇಸ್ಲಾಮಿಕ್ ಕಲೆಯ ಮ್ಯೂಸಿಯಂ, ಸೂಕ್ ವಾಕಿಫ್ ಹತ್ತಿರ. ಅಬುಧಾಬಿಯ ಶೇಖ್ ಜಾಯೆದ್ ಮಸೀದಿಗೆ ಪ್ರವೇಶ ಉಚಿತ; ಮೈ ಮುಚ್ಚುವ ಉಡುಪು, ಹೆಂಗಸರಿಗೆ ತಲೆಗೆ ದುಪಟ್ಟಾ ಬೇಕು.

ಹತ್ತಿದ ದಿನದ ಸುರಕ್ಷತಾ ಅಭ್ಯಾಸವನ್ನು ತಪ್ಪಿಸಬೇಡಿ. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿದಾಗ, ಅದೇ ಸಂಜೆ ಹತ್ತಿದ್ದವರಿಗೆ ಆ ಅಭ್ಯಾಸ ಇನ್ನೂ ಆಗಿರಲಿಲ್ಲ. 32 ಜನ ಸತ್ತರು. ಈಗ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಅದು ಕಡ್ಡಾಯ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ನೀವೇ ಜೊತೆಗಿದ್ದು, ಸೇರಬೇಕಾದ ಜಾಗವನ್ನು ನಡೆಸಿಕೊಂಡು ಹೋಗಿ ತೋರಿಸಿ.

ಇನ್ನೊಂದು ಮಾತು. ಹಾಸಿಗೆ ಸರಿಪಡಿಸುವ, ತಟ್ಟೆ ಎತ್ತುವ ಕೈಗಳಲ್ಲಿ ನಮ್ಮ ಮಂಗಳೂರು, ಉಡುಪಿ ಕಡೆಯವರೂ ಇರುತ್ತಾರೆ. ತಿಂಗಳುಗಟ್ಟಲೆ ಮನೆ ಬಿಟ್ಟು, ವಾರದ ರಜೆಯೂ ಇಲ್ಲದೆ ದುಡಿಯುವ ಬದುಕು ಅವರದು. ಎದೆಯ ಮೇಲಿನ ಹೆಸರು ಪರಿಚಿತವೆನಿಸಿದರೆ "ಯಾವೂರು?" ಎಂದು ಕೇಳಿ ನೋಡಿ. ಆ ಮುಖ ಅರಳುವುದನ್ನು ಯಾವ ಪ್ಯಾಕೇಜಿನಲ್ಲೂ ಬರೆದಿರುವುದಿಲ್ಲ.

ಶುಭ ಪ್ರಯಾಣ!