ಅಪರಾಧಕ್ಕೆ ಸಮುದಾಯದ ಹೆಸರಿಡಬೇಡಿ

ಬೆಂಗಳೂರಿನ ಶಿವಾಜಿನಗರ, ಡಿ.ಜೆ. ಹಳ್ಳಿಯ ಹಿಂಸಾಚಾರಕ್ಕೆ ಅಲ್ಲಿನ ಮುಸ್ಲಿಮರ ಸಂಸ್ಕೃತಿಯೇ ಮೂಲ, ಜೈಲುಗಳಲ್ಲಿರುವ ಮುಸ್ಲಿಮರ ಲೆಕ್ಕವೇ ಅದಕ್ಕೆ ಸಾಕ್ಷಿ ಎಂಬುದು ಕಳೆದ ವಾರ ಪ್ರಕಟವಾದ ಲೇಖನದ ವಾದ. ಇದನ್ನು ಒಪ್ಪಲಾಗದು.

ಮೊದಲು ಜೈಲಿನ ಲೆಕ್ಕ. 2022ರ ಅಂತ್ಯಕ್ಕೆ ದೇಶದ ನಾಲ್ವರು ಕೈದಿಗಳಲ್ಲಿ ಮೂವರು ವಿಚಾರಣಾಧೀನರು; ಅವರ ಅಪರಾಧ ಸಾಬೀತಾಗಿರಲಿಲ್ಲ. ಜಾಮೀನಿಗೆ ಹಣವಿಲ್ಲದ ಬಡವ ಒಳಗೇ ಉಳಿಯುತ್ತಾನೆ. ಆ ಲೆಕ್ಕ ಬಡತನವನ್ನೂ ಅಳೆಯುತ್ತದೆ.

ಇನ್ನು ಇತಿಹಾಸ. 1970–80ರ ದಶಕಗಳಲ್ಲಿ ಭೂಗತ ಪಾತಕಿಗಳಾದ ಜಯರಾಜ್, ಕೊತ್ವಾಲ್ ರಾಮಚಂದ್ರ ಬೆಂಗಳೂರನ್ನು ನಡುಗಿಸಿದರು. ರಾಜಕೀಯದ ಆಸರೆಯನ್ನು ದೂರಿದೆವೇ ಹೊರತು ಅವರ ಜಾತಿಯನ್ನಲ್ಲ. ಆ ನ್ಯಾಯ ಇಲ್ಲೇಕಿಲ್ಲ? ಸಮುದಾಯಕ್ಕೇ ಅಪರಾಧ ಅಂಟಿಸಿದರೆ ಏನಾಗುತ್ತದೆ ನೋಡಿ: 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಅಪರಾಧಿಗಳ ಪಟ್ಟಿಗೆ ಸೇರಿಸಿತು. 1952ರಲ್ಲಿ ಆ ಪಟ್ಟಿ ರದ್ದಾದರೂ ಕಳಂಕ ಅಳಿದಿಲ್ಲ.

ಕೊನೆಯದು, ಡಿ.ಜೆ. ಹಳ್ಳಿಯಲ್ಲಿ ಗಲಭೆ ನಡೆದ 2020ರ ಆಗಸ್ಟ್ 11ರ ರಾತ್ರಿ. ಪೊಲೀಸ್ ಠಾಣೆಗೆ ನುಗ್ಗಿದವರು, ಶಾಸಕರೊಬ್ಬರ ಮನೆಗೆ ಬೆಂಕಿಯಿಟ್ಟವರು ಶಿಕ್ಷೆಗೆ ಅರ್ಹರು. ಅದೇ ರಾತ್ರಿ, ಅದೇ ಪ್ರದೇಶದಲ್ಲಿ ಮುಸ್ಲಿಂ ಯುವಕರು ಕೈಕೈ ಹಿಡಿದು ದೇವಸ್ಥಾನದ ಮುಂದೆ ಸರಪಳಿಯಾಗಿ ನಿಂತು ಅದನ್ನು ಕಾದರು. ಸಂಸ್ಕೃತಿಯೇ ಕಾರಣವಾದರೆ ಇವರು ಯಾರು?

ತಪ್ಪು ಮಾಡಿದವನನ್ನು ಶಿಕ್ಷಿಸಿ. ಅವನ ಇಡೀ ಕೇರಿಯನ್ನಲ್ಲ.